ನೀರಿಗೆ ಹೋದ ದೊಡ್ಡಜ್ಜ ಮತ್ತು ಒಂದು ಚರ್ಮದ ಏಪ್ರನ್

ಪ್ರಶ್ನೆ: ಹಳೆಯ ಮನೆ ಕೆಡವುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಬಿಳಿ ಚರ್ಮದ ಚಿಕ್ಕ ಏಪ್ರನ್ ಒಂದು ಸಿಕ್ಕಿತು. ಅಂಚಿಗೆ ತಿಳಿನೀಲಿ ರೇಷ್ಮೆಪಟ್ಟಿ, ಮೇಲೆ ಮೂರು ನೀಲಿ ಹೂಗಳು, ಬೆಳ್ಳಿ ಬಣ್ಣದ ಕುಚ್ಚುಗಳಿವೆ. ಅದು ಅಜ್ಜನ ಅಣ್ಣನದು. ಮುಂಬೈಯಲ್ಲಿ ಹಡಗಿನ ನೌಕರರಾಗಿದ್ದ ಅವರು 1942ರಲ್ಲಿ, ದೀಪಾವಳಿ ಕಳೆದು ಹದಿನೈದು ದಿನಕ್ಕೆ, ಆಫ್ರಿಕಾದ ಹಾದಿಯಲ್ಲಿ ಹಡಗು ಮುಳುಗಿ ತೀರಿಕೊಂಡರಂತೆ. ಮಹಾಲಯ ಅಮಾವಾಸ್ಯೆಗೆ ‘ನೀರಿಗೆ ಹೋದ ದೊಡ್ಡಜ್ಜ’ನಿಗೆಂದು ಈಗಲೂ ಎಡೆ ಇಡುತ್ತೇವೆ. ಅವರು ಯಾವುದೋ ಗುಪ್ತ ಪಂಥ ಸೇರಿದ್ದರು, ಆ ವಸ್ತು ಮನೆಯಲ್ಲಿರಬಾರದು ಎಂದು ಕೆಲವರು ಹೇಳುತ್ತಾರೆ. ಇದೇನು? ಅವರ ಹೆಸರು ಎಲ್ಲಾದರೂ ಉಳಿದಿದೆಯೇ?
— ಓದುಗರೊಬ್ಬರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಏಪ್ರನ್ ಮನೆಯಲ್ಲೇ ಇರಲಿ. ನಿಮ್ಮ ದೊಡ್ಡಜ್ಜ ಫ್ರೀಮೇಸನ್, ಅಂದರೆ ಒಬ್ಬರನ್ನೊಬ್ಬರು ಸೋದರರೆಂದು ಕರೆದುಕೊಳ್ಳುವ ಒಂದು ಸಂಘದ ಸದಸ್ಯ, ಆಗಿದ್ದರು. ಹೊಸದಾಗಿ ಸೇರಿದವನ ಏಪ್ರನ್ ಅಚ್ಚ ಬಿಳಿ, ಎರಡನೆಯ ಹಂತದವನದಕ್ಕೆ ಎರಡು ಹೂ, ಮೂರನೆಯ ಹಂತ ಮುಟ್ಟಿ ‘ಮಾಸ್ಟರ್ ಮೇಸನ್’ ಆದವನದಕ್ಕೆ ಮೂರು ಹೂ ಮತ್ತು ನೀಲಿ ಅಂಚು. ಇದು ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಪದ್ಧತಿ (ಈ ಸಂಘದ ಸ್ಥಳೀಯ ಶಾಖೆಗೆ ‘ಲಾಡ್ಜ್’ ಎಂದೂ ಶಾಖೆಗಳ ಮೇಲಿನ ಆಡಳಿತ ಸಂಸ್ಥೆಗೆ ‘ಗ್ರ್ಯಾಂಡ್ ಲಾಡ್ಜ್’ ಎಂದೂ ಹೆಸರು). ಸ್ಕಾಟ್ಲೆಂಡಿನ ಲಾಡ್ಜ್‌ಗಳು ತಮಗೆ ಬೇಕಾದ ಬಣ್ಣವನ್ನು ಆರಿಸಿಕೊಳ್ಳುತ್ತವೆ, ಅವುಗಳ ಏಪ್ರನ್ನಿನ ಮೇಲ್ಮಡಿಕೆ ಸಾಮಾನ್ಯವಾಗಿ ಅರ್ಧಚಂದ್ರಾಕಾರದಲ್ಲಿರುತ್ತದೆ. ನಿಮ್ಮದರ ಮೇಲ್ಮಡಿಕೆ ತ್ರಿಕೋನವಾಗಿದ್ದರೆ ಅವರ ಲಾಡ್ಜ್ ಇಂಗ್ಲೆಂಡಿಗೆ ಸೇರಿದ್ದಿರಬೇಕು.

ಪಂಥದ ಭಯಕ್ಕೆ ಕಾರಣವಿಲ್ಲ. ಕಲ್ಕತ್ತೆಗೆ 1730ರ ಹೊತ್ತಿಗೇ ಬಂದ ಈ ಸಂಘದಲ್ಲಿ ಸದಸ್ಯರು ತಮ್ಮ ತಮ್ಮ ಧರ್ಮಗ್ರಂಥದ ಮೇಲೆ ಪ್ರಮಾಣ ಮಾಡುತ್ತಾರೆ. ಗೀತೆ, ಕುರಾನ್, ಬೈಬಲ್ ಒಂದೇ ಮೇಜಿನ ಮೇಲಿರುವುದು ನಮ್ಮ ದೇಶದ ಲಾಡ್ಜ್‌ಗಳಲ್ಲಿ ಸಾಮಾನ್ಯ. ಸನ್ಯಾಸಕ್ಕೆ ಮೊದಲು, 1884ರಲ್ಲಿ, ವಿವೇಕಾನಂದರು ಕಲ್ಕತ್ತೆಯಲ್ಲಿ ಸೇರಿದ್ದ ಲಾಡ್ಜ್‌ನ ಹೆಸರು ‘ಆ್ಯಂಕರ್ ಅಂಡ್ ಹೋಪ್’, ಅಂದರೆ ಲಂಗರು ಮತ್ತು ಭರವಸೆ. ಬಾಗಿಲು ಹಾಕಿಕೊಂಡು ಸಭೆ ನಡೆಸುವವರನ್ನು ಕಂಡು ಉತ್ತರದವರು ಆ ಕಟ್ಟಡಗಳನ್ನು ‘ಜಾದೂ ಘರ್’ ಎಂದು ಕರೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಹೆಸರಿನ ವಿಚಾರ. ಟ್ರಂಕಿನ ಕಾಗದಗಳಲ್ಲಿ ಗ್ರ್ಯಾಂಡ್ ಲಾಡ್ಜ್‌ನ ಮುದ್ರೆಯುಳ್ಳ ಪ್ರಮಾಣಪತ್ರವಿದೆಯೇ ಎಂದು ಮೊದಲು ಹುಡುಕಿ. ಲಾಡ್ಜ್‌ನ ಹೆಸರು ಮತ್ತು ಸಂಖ್ಯೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಹುಟ್ಟಿದ್ದು 1961ರಲ್ಲಿ. ಅದಕ್ಕೂ ಹಿಂದಿನ ಸದಸ್ಯರ ವಿವರಕ್ಕೆ ಪ್ರಮಾಣಪತ್ರ ಕೊಟ್ಟ ದೇಶದ ಗ್ರ್ಯಾಂಡ್ ಲಾಡ್ಜ್‌ಗೇ ಬರೆಯುವುದು ಒಳ್ಳೆಯದು. ಲಂಡನ್ನಿನ ಫ್ರೀಮೇಸನ್ಸ್ ಹಾಲ್ 1933ರಲ್ಲಿ ಯುದ್ಧಸ್ಮಾರಕವಾಗಿಯೇ ಪೂರ್ಣಗೊಂಡ ಕಟ್ಟಡ, ಅಲ್ಲಿನ ಪಟ್ಟಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಆದರೆ ಅವರೆಲ್ಲ ಮೊದಲ ಮಹಾಯುದ್ಧದವರಾದ್ದರಿಂದ ನಿಮ್ಮ ದೊಡ್ಡಜ್ಜನನ್ನು ಅಲ್ಲಿ ಹುಡುಕಿ ಫಲವಿಲ್ಲ.

ಅವರನ್ನು ಹುಡುಕಬೇಕಾದದ್ದು ಮುಂಬೈಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಕಡಲೇ ಸಮಾಧಿಯಾದ ಭಾರತೀಯ ವ್ಯಾಪಾರಿ ಹಡಗುಗಳ ಸುಮಾರು 6,000 ನಾವಿಕರ ಮತ್ತು ನೌಕಾಪಡೆಯ ಸುಮಾರು 400 ಜನರ ಹೆಸರುಗಳನ್ನು ಮಸ್ಜಿದ್ ಬಂದರ್‌ನ ನಾವಿಕರ ವಸತಿಗೃಹದಲ್ಲಿರುವ ಸ್ಮಾರಕಕ್ಕಾಗಿ ದಾಖಲಿಸಲಾಗಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ಜಾಲತಾಣದಲ್ಲಿ ಹೆಸರು ಹಾಕಿ ಉಚಿತವಾಗಿ ಹುಡುಕಬಹುದು. ಆ ಕಾಲದ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿರುತ್ತಾರೆ, ಹಾಗಾಗಿ ನಾಲ್ಕಾರು ಬಗೆಯ ಕಾಗುಣಿತದಲ್ಲಿ ಪ್ರಯತ್ನಿಸಿ.

ನಿಮ್ಮ ಮನೆಯವರ ನೆನಪನ್ನು ನಾನು ಹಗುರವಾಗಿ ನೋಡುವುದಿಲ್ಲ. ಮುಂಬೈಯಿಂದ ಆಫ್ರಿಕಾಕ್ಕೆ ಹೊರಟಿದ್ದ ‘ತಿಲಾವಾ’ ಹಡಗನ್ನು ಜಪಾನಿನ ಐ-29 ಎಂಬ ಸಬ್‌ಮರೀನ್ ಮುಳುಗಿಸಿದ್ದು 1942ರ ನವೆಂಬರ್ 23ರಂದು, ಕಾರ್ತಿಕ ಹುಣ್ಣಿಮೆಯ ಆಸುಪಾಸಿನಲ್ಲಿ. ದೀಪಾವಳಿಯಿಂದ ಎಣಿಸಿದರೆ ಹದಿನೈದು ದಿನವೇ ಆಗುತ್ತದೆ! ಮೊದಲ ಟಾರ್ಪಿಡೊ ಬಿದ್ದಾಗ ದೋಣಿಗಿಳಿದಿದ್ದ ಕೆಲವರು ಹಡಗು ಇನ್ನೂ ತೇಲುತ್ತಿದೆಯೆಂದು ಮರಳಿ ಹತ್ತಿದರು, ಆಮೇಲೆ ಎರಡನೆಯದು ಬಿತ್ತು. 958 ಜನರಲ್ಲಿ 280 ಮಂದಿ ಹೋದರು. ತಿಥಿ ಹೊಂದಿತೆಂದ ಮಾತ್ರಕ್ಕೆ ಅದೇ ಹಡಗು ಎಂದು ತೀರ್ಮಾನಿಸಬೇಡಿ, ಆದರೆ ಹುಡುಕಾಟವನ್ನು ಅಲ್ಲಿಂದ ಆರಂಭಿಸಿ.

ಶವ ಸಿಗದವರಿಗೆ ಮುತ್ತುಗದ ಎಲೆಗಳಿಂದ ದೇಹದ ಆಕಾರ ಮಾಡಿ ಸಂಸ್ಕಾರ ಮಾಡುವ ವಿಧಿ ನಮ್ಮಲ್ಲಿದೆ. ಮೇಸನ್ನರು ಸತ್ತ ಸೋದರನ ಗುಂಡಿಗೆ ಅಕೇಸಿಯಾದ ಎಳೆಯ ಕೊಂಬೆ ಹಾಕುತ್ತಾರೆ. ಅಕೇಸಿಯಾ ಎಂದರೆ ನಿಮ್ಮೂರಿನ ಹೊಲದ ಬದುಗಳಲ್ಲಿ ನಿಂತಿರುವ ಜಾತಿಯದೇ ಮರ, ಕರಿಜಾಲಿ (ಬಳ್ಳಾರಿ ಜಾಲಿಯಲ್ಲ, ಅದು ಬೇರೆ ಕುಲದ್ದು). ಗುಂಡಿಯೇ ಇಲ್ಲದವನಿಗೆ ಆ ಕೊಂಬೆಯನ್ನು ಹಾಕುವುದೆಲ್ಲಿ? ಅವರ ಕೂಟದ ಊಟ ಮುಗಿಯುವಾಗ ಕೊನೆಯದಾಗಿ, ನೆಲದ ಮೇಲಾಗಲಿ ನೀರಿನ ಮೇಲಾಗಲಿ ಚದುರಿರುವ ಕಷ್ಟದಲ್ಲಿನ ಸೋದರರೆಲ್ಲ ಬೇಗ ಪಾರಾಗಲಿ, ಬಯಸಿದರೆ ಕ್ಷೇಮವಾಗಿ ಸ್ವದೇಶಕ್ಕೆ ಮರಳಲಿ ಎಂದು ಹಾರೈಸುವ ರೂಢಿಯಿದೆ. ನಿಮ್ಮ ದೊಡ್ಡಜ್ಜ ಅದನ್ನು ಎಷ್ಟು ಸಲ ಕೇಳಿರಬಹುದೋ.

ಏಪ್ರನ್ನನ್ನು ತೊಳೆಯಬೇಡಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬೇಡಿ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಅದಕ್ಕೆ ಮೊದಲು ಮೇಲ್ಮಡಿಕೆಯನ್ನು ಮೆಲ್ಲಗೆ ಎತ್ತಿ, ಒಳಬದಿಯನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಮಸಿಯಿಂದ ತಮ್ಮ ಹೆಸರು ಬರೆದುಕೊಂಡವರೂ ಇದ್ದಾರೆ.