ಕೆರೆ ಕಾಣುವ ಮನೆ, ಅಪ್ಪನ ತೋಟ

ಬೆಂಗಳೂರಿನ ಜಕ್ಕೂರು ಕೆರೆಯ ಪಕ್ಕ ಫ್ಲ್ಯಾಟ್ ಕೊಳ್ಳುವ ವಿಷಯಕ್ಕೆ ಮಾತು ಬಿಟ್ಟಿದ್ದ ಗಂಡ ಹೆಂಡತಿ ಆಪ್ತಸಲಹೆಗೆಂದು ನನ್ನ ಬಳಿ ಬಂದ ಪ್ರಕರಣ ಇದು. ಗುರುತು ಸಿಗಬಾರದೆಂದು ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಮಹೇಶ ಖಾಸಗಿ ಕಂಪನಿಯಲ್ಲಿ ಎಂಜಿನಿಯರ್, ಸುಮಾ ಹೈಸ್ಕೂಲ್ ಟೀಚರ್. ಇಬ್ಬರದೂ ಸೇರಿ ತಿಂಗಳಿಗೆ ಕೈಗೆ ಬರುವುದು 1,65,000 ರೂಪಾಯಿ. ಏಳು ವರ್ಷದ ಮಗಳಿದ್ದಾಳೆ. ಥಣಿಸಂದ್ರದಲ್ಲಿ ಬಾಡಿಗೆ ಮನೆ.

ಮಹೇಶ ಬ್ರೋಷರ್ ಹಿಡಿದೇ ಬಂದಿದ್ದರು. ತೆಗೆದು ಮಡಚಿ, ತೆಗೆದು ಮಡಚಿ, ಮಡಿಕೆಯ ಜಾಗದಲ್ಲಿ ಬಣ್ಣ ಎದ್ದುಹೋಗಿತ್ತು. ಮೂರು ಬೆಡ್‌ರೂಮ್, ಬಾಲ್ಕನಿಯಲ್ಲಿ ನಿಂತರೆ ಕೆರೆ, ಬೆಲೆ 1 ಕೋಟಿ 60 ಲಕ್ಷ.

"ಇವರಿಗೆ ಕೆರೆ ಬೇಕಾಗಿಲ್ಲ ಮೇಡಂ. ನಮ್ಮಕ್ಕನ ಮನೆ ಗೃಹಪ್ರವೇಶದಲ್ಲಿ ಯಾರೋ 'ಇನ್ನೂ ಬಾಡಿಗೆ ಮನೇಲೇ ಇದ್ದೀರಾ' ಅಂದ್ರು. ಅವತ್ತಿಂದ ಶುರು" ಅಂದರು ಸುಮಾ.

ಮಹೇಶ ತಲೆ ಎತ್ತಲಿಲ್ಲ. ಷಡ್ಡಕನ ಮುಂದೆ ಆದ ಆ ಅವಮಾನ ಸಣ್ಣದಲ್ಲ. ಅದನ್ನು ನಾನು ಅವರೆದುರೇ ಹೇಳಿದೆ. "ಹಾಸಿಗೆ ಇದ್ದಷ್ಟು ಕಾಲು ಚಾಚಿ" ಅಂತ ಬುದ್ಧಿ ಹೇಳಿ ಕಳಿಸುವುದು ಸುಲಭ. ಅದರಿಂದ ಯಾರ ಮನಸ್ಸೂ ಹಗುರ ಆಗುವುದಿಲ್ಲ.

ಆಮೇಲೆ ಮೂವರೂ ಕೂತು ಲೆಕ್ಕ ಬರೆದೆವು. ಸಾಲ 75 ಲಕ್ಷ ದಾಟಿದರೆ ಬ್ಯಾಂಕ್ ಮನೆ ಬೆಲೆಯ ಶೇ. 75ರಷ್ಟು ಮಾತ್ರ ಕೊಡಬಹುದು. ಅಂದರೆ 1 ಕೋಟಿ 20 ಲಕ್ಷ. ಶೇ. 8.5 ಬಡ್ಡಿಗೆ 20 ವರ್ಷ ಹಿಡಿದರೆ ಕಂತು 1 ಲಕ್ಷದ 4 ಸಾವಿರ. ಕೈಯಿಂದ ಹಾಕಬೇಕಾದ್ದು 40 ಲಕ್ಷ. ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಎಲ್ಲ ಸೇರಿ ಮತ್ತೆ 12 ಲಕ್ಷದ ಹತ್ತಿರ. ಇವರ ಉಳಿತಾಯ 28 ಲಕ್ಷ.

"ಉಳಿದದ್ದು?" ಅಂತ ಕೇಳಿದೆ.

"ಅಪ್ಪನ ತೋಟ ಇದೆಯಲ್ಲ."

ತಿಪಟೂರಿನ ಕಡೆ ತೆಂಗಿನ ತೋಟ. ಅಪ್ಪ ಅಮ್ಮ ಅಲ್ಲೇ ಇದ್ದಾರೆ. ಮಾರಿದ ಮೇಲೆ ಮೂರನೇ ಬೆಡ್‌ರೂಮ್ ಅವರಿಗೆ ಅಂತ ಮಹೇಶ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. ಅಪ್ಪನನ್ನು ಕೇಳಿರಲಿಲ್ಲ. ತುಮಕೂರಿನಲ್ಲಿರುವ ತಂಗಿಯನ್ನೂ ಕೇಳಿರಲಿಲ್ಲ. ಸುಮಾಗೆ ಸಿಟ್ಟು ಇದ್ದದ್ದು ಇಲ್ಲೇ. "ನಾಳೆ ಮಾವ ಬಾಲ್ಕನೀಲಿ ಸುಮ್ನೆ ಕೂತಿದ್ರೆ, ತೋಟ ಮಾರಿಸಿದ್ದು ಸೊಸೆ ಅಂತ ಊರೆಲ್ಲ ಅನ್ನುತ್ತೆ" ಅಂದಾಗ ಅವರ ಗಂಟಲು ಕಟ್ಟಿತ್ತು. ಗಂಡನ ಮುಂದೆ ಈ ಮಾತು ಬಂದದ್ದು ಅವತ್ತೇ ಮೊದಲಂತೆ.

ಹಾಗಾಗಿ ನನ್ನ ಮೊದಲ ಸಲಹೆ ಇಷ್ಟೇ. ಬುಕಿಂಗ್ ಚೆಕ್ ಕೊಡುವ ಮುಂಚೆ ಊರಿಗೆ ಹೋಗಿ, ಇಬ್ಬರೂ ಒಟ್ಟಿಗೆ ಹೋಗಿ. ತೋಟ ಕೇಳಬೇಡಿ. ಅಪ್ಪ ಅಮ್ಮ ಮುಂದೆ ಎಲ್ಲಿರಬೇಕು ಅಂದುಕೊಂಡಿದ್ದಾರೆ, ಅದನ್ನು ಕೇಳಿ. ತಂಗಿಯನ್ನೂ ಕರೆಯಿರಿ. ತೋಟ ಪಿತ್ರಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅವರನ್ನು ಬಿಟ್ಟು ಮಾರಿದರೆ ನಾಳೆ ಕೋರ್ಟ್ ಮೆಟ್ಟಿಲು ಹತ್ತಬೇಕಾದೀತು, ಅದಕ್ಕಿಂತ ಜಾಸ್ತಿ, ಅಣ್ಣ ತಂಗಿಯ ನಂಟು ಹೋಗುತ್ತೆ.

ಎರಡನೆಯದು, ಕಂತು ಇಬ್ಬರ ಆದಾಯದ ಮೂರನೇ ಒಂದು ಭಾಗ ದಾಟಬಾರದು. ಇವರಿಗೆ ಅದು 55 ಸಾವಿರ. ಆ ಮಿತಿಯೊಳಗೆ ಮನೆ ಹುಡುಕಿ ಅಂದೆ. ಜಕ್ಕೂರಿನ ಹೊಸ ಕಟ್ಟಡಗಳನ್ನೇ ಹಿಡಿದು ಕೂರುವ ಬದಲು, ಗೃಹಮಂಡಳಿ ಕಟ್ಟಿದ ಯಲಹಂಕ ಉಪನಗರದಲ್ಲಿ ಹಳೆಯ ಎರಡು ಬೆಡ್‌ರೂಮ್ ಮನೆ ಮಾರಾಟಕ್ಕಿದೆಯಾ ನೋಡಿ. ಅಲ್ಲೂ ಪುಟ್ಟೇನಹಳ್ಳಿ ಕೆರೆ ಇದೆ, ಹಕ್ಕಿಗಳಿವೆ. ಜಕ್ಕೂರು ಕೆರೆಗೂ ಭಾನುವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋಗಬಹುದು, ಅಲ್ವಾ? ಅದರ ದಂಡೆ ಎಲ್ಲರಿಗೂ ತೆರೆದಿದೆ.

ಕಾಗದಪತ್ರ ನನ್ನ ಕೆಲಸ ಅಲ್ಲ. ಆದರೂ ಕೆರೆ ಹತ್ತಿರದ ಮನೆ ಅಂದಾಗ ಹೇಳದೆ ಬಿಡಲಾರೆ. ಸರ್ವೆ ನಂಬರ್ ತಗೊಂಡು, ಜಮೀನಿನ ನಕ್ಷೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೋಡಿ, ಜಾಗದ ಮೇಲೆ ರಾಜಕಾಲುವೆ ಹಾದಿದೆಯಾ ಅಂತ. ಇ-ಖಾತಾ, ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ವಕೀಲರಿಗೆ ತೋರಿಸಿ. ಮಳೆ ಜೋರಾದಾಗ ನೆಲಮಾಳಿಗೆಯ ಪಾರ್ಕಿಂಗ್ ಏನಾಗಿತ್ತು ಅಂತ ವಾಚ್‌ಮನ್ ಹತ್ತಿರ ಕೇಳಿ. 2021ರ ನವೆಂಬರ್‌ನಲ್ಲೂ 2024ರ ಅಕ್ಟೋಬರ್‌ನಲ್ಲೂ ಯಲಹಂಕದ ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ಕೆರೆ ನೀರು ನುಗ್ಗಿ, ಜನರನ್ನು ದೋಣಿಯಲ್ಲಿ ಹೊರಗೆ ತಂದಿದ್ದರು. ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ನೀರಿನ ಟ್ಯಾಂಕರ್ ಬರುತ್ತೆ ಅಂತಲೂ ವಾಚ್‌ಮನ್ ಹತ್ತಿರವೇ ಕೇಳಬೇಕು.

ಊರಿಗೆ ಹೋಗಿ ಬಂದರು. ಅಪ್ಪ ಹೇಳಿದ್ದು ಕಡಿಮೆ. "ಬೇಕೇ ಬೇಕು ಅಂದ್ರೆ ಮಾರೋಣಪ್ಪ. ಆದ್ರೆ ನಾನು ಅಲ್ಲಿಗೆ ಬರಲ್ಲ." ಅದನ್ನು ಹೇಳುವಾಗ ಮಹೇಶ ಅತ್ತರು. ಮೂರನೇ ಬೆಡ್‌ರೂಮ್ ಬೇಕೆಂಬ ಹಟ ಅಲ್ಲಿಗೆ ಬಿಟ್ಟುಹೋಯಿತು.

ಈಗ ಉಪನಗರದಲ್ಲಿ 75 ಲಕ್ಷದ ಹಳೆಯ ಮನೆಯೊಂದನ್ನು ನೋಡಿದ್ದಾರೆ. ಸಾಲ 55 ಲಕ್ಷ, ಕಂತು 48 ಸಾವಿರದೊಳಗೆ. ಬಾಕಿ ಹಣ, ನೋಂದಣಿ ಖರ್ಚು ಉಳಿತಾಯದಲ್ಲೇ ಆಗುತ್ತೆ, ಆದರೆ ಕೈಯಲ್ಲಿ ಉಳಿಯುವುದು ಎರಡು ಲಕ್ಷದಷ್ಟು. ಅದಕ್ಕೇ ಗೃಹಪ್ರವೇಶ ಸರಳವಾಗಿರಲಿ ಅಂತ ಸುಮಾ. ಷಡ್ಡಕನ ಮನೆಯವರನ್ನೆಲ್ಲ ಕರೆದು ಜೋರಾಗಿ ಮಾಡಬೇಕು ಅಂತ ಮಹೇಶ. ಅದಿನ್ನೂ ತೀರ್ಮಾನ ಆಗಿಲ್ಲ. ಮುಂದಿನ ಭೇಟಿಯ ಮಾತು ಅದೇ.