ಮುದಿ ಕುದುರೆಯ ಹೊಟ್ಟೆನೋವು, ಕೊಬ್ಬಿನ ಗಡ್ಡೆ: ನಿಮ್ಮ ಪ್ರಶ್ನೆಗೆ
ನಿಮ್ಮ 22 ವರ್ಷದ ಕುದುರೆಗೆ ಪದೇ ಪದೇ ಹೊಟ್ಟೆನೋವು ಬರ್ತಿದೆ, ಡಾಕ್ಟರು ಕೊಬ್ಬಿನ ಗಡ್ಡೆ ಇರಬಹುದು ಅಂದಿದ್ದಾರೆ, ಅದು ಕ್ಯಾನ್ಸರಾ ಅಂತ ಕೇಳಿದ್ದೀರಿ. ಅಲ್ಲ. ಇದನ್ನು ಲಿಪೋಮಾ ಅನ್ನುತ್ತಾರೆ, ಬರೀ ಕೊಬ್ಬು, ಬೇರೆ ಕಡೆ ಹರಡುವುದಿಲ್ಲ. ತೊಂದರೆ ಇರುವುದು ಅದರ ತೊಟ್ಟಿನಲ್ಲಿ. ಕರುಳನ್ನು ಹಿಡಿದಿಟ್ಟಿರುವ ತೆಳು ಪೊರೆಯಲ್ಲಿ ಗಡ್ಡೆ ಬೆಳೆಯುತ್ತೆ, ಭಾರಕ್ಕೆ ಜೋತು ಬಿದ್ದು ತೊಟ್ಟು ಉದ್ದವಾಗುತ್ತೆ, ಒಂದು ದಿನ ಆ ತೊಟ್ಟು ಸಣ್ಣ ಕರುಳಿಗೆ ಹಗ್ಗದ ಕುಣಿಕೆಯ ಹಾಗೆ ಸುತ್ತಿಕೊಂಡು ರಕ್ತ ಓಡಾಡದಂತೆ ಮಾಡಿಬಿಡುತ್ತೆ. ಎಷ್ಟೋ ಮುದಿ ಕುದುರೆಗಳಲ್ಲಿ ಈ ಗಡ್ಡೆ ಸುಮ್ನೆ ಇರುತ್ತೆ, ಯಾರಿಗೂ ಗೊತ್ತೇ ಆಗಲ್ಲ. ಬೀಜ ಒಡೆಸಿದ ಗಂಡು ಕುದುರೆ ಮತ್ತು ಪೋನಿಗಳಲ್ಲಿ ಇದು ಜಾಸ್ತಿ.

ಮೋಸ ಎಲ್ಲಿದೆ ಅಂದ್ರೆ, ವಯಸ್ಸಾದ ಕುದುರೆ ಕೆಲವೊಮ್ಮೆ ಹೊರಳಾಡಿ ಒದ್ದಾಡುವುದಿಲ್ಲ, ಮೇವು ಬಿಟ್ಟು ಮಂಕಾಗಿ ನಿಲ್ಲುತ್ತೆ ಅಷ್ಟೆ. ಹಾಗಾಗಿ ನಾಡಿ ನೋಡಿ. ಆರಾಮಾಗಿರುವಾಗ ನಿಮಿಷಕ್ಕೆ 28ರಿಂದ 44 ಇರಬೇಕು, 60 ದಾಟಿದರೆ ಕಾಯಬೇಡಿ. ಫ್ಲುನಿಕ್ಸಿನ್ ಅನ್ನೋ ನೋವಿನ ಔಷಧಿ ಕೊಟ್ಟು ಸ್ವಲ್ಪ ಹೊತ್ತಿಗೇ ನೋವು ಮರುಕಳಿಸಿದರೂ ಅಷ್ಟೇ, ಡಾಕ್ಟರನ್ನು ಕೇಳದೆ ಇನ್ನೊಂದು ಡೋಸ್ ಬೇಡ. ಕುದುರೆಗೆ ವಾಂತಿ ಮಾಡಲು ಆಗಲ್ಲವಲ್ಲ, ಮೂಗಿನಿಂದ ನಳಿಕೆ ಹಾಕಿದಾಗ ಹೊಟ್ಟೆಯಿಂದ ತುಂಬಾ ನೀರು ಬಂದರೆ, ಅಥವಾ ಡಾಕ್ಟರು ಸೂಜಿಯಿಂದ ತೆಗೆದ, ಕರುಳಿನ ಸುತ್ತಲಿನ ದ್ರವ ಕೆಂಪಾಗಿದ್ದರೆ ಕರುಳು ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು.

ಸುತ್ತಿಕೊಂಡ ಮೇಲೆ ಔಷಧಿಯಿಂದ ಬಿಡಿಸಲು ಆಗಲ್ಲ, ಆಪರೇಷನ್ನೇ ದಾರಿ, ಅದೂ ಕೆಲವೇ ಗಂಟೆಗಳೊಳಗೆ. ಆಪರೇಷನ್ ಮಾಡಿಸುತ್ತೀರಾ, ಎಲ್ಲಿ, ಗಾಡಿ ಯಾರದು ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಂಡುಬಿಡಿ.