ವರ್ಷಗಟ್ಟಲೆ ನಿಂತ ಬೋಟ್ ಇಂಜಿನ್: ಹಗ್ಗಕ್ಕೆ ಕೈ ಹಾಕುವ ಮೊದಲು

ಪ್ರಶ್ನೆ: ನಮ್ಮ ಸಣ್ಣ ದೋಣಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್ ಏಳೆಂಟು ವರ್ಷದಿಂದ ಮೂಲೆ ಸೇರಿದೆ. ನಿಲ್ಲಿಸುವಾಗ ಚೆನ್ನಾಗಿಯೇ ಓಡುತ್ತಿತ್ತು. ಟ್ಯಾಂಕಿನಲ್ಲಿ ಸ್ವಲ್ಪ ಹಳೇ ಪೆಟ್ರೋಲ್ ಹಾಗೇ ಉಳಿದಿದೆ. ಅದರ ಮೇಲೆ ಹೊಸದು ಸುರಿದು ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದಾ?

ಉತ್ತರ: ಆದರೂ ಆಗಬಹುದು, ನನಗೆ ಅದೇ ಭಯ. ಇಷ್ಟು ವರ್ಷ ನಿಂತು ಆಗದ ಹಾನಿ ಅವಸರದ ಆ ಮೊದಲ ಸ್ಟಾರ್ಟಿನಲ್ಲಿ ಆಗಿಬಿಡುತ್ತದೆ. ಒಳಗೆ ಸಿಲಿಂಡರ್ ಒಣಗಿರುತ್ತದೆ, ತಣ್ಣಗೆ ಮಾಡಬೇಕಾದ ನೀರು ಬರುತ್ತದೋ ಇಲ್ಲವೋ ಗೊತ್ತಿಲ್ಲ, ನೀವು ಖುಷಿಯಲ್ಲಿ ಆಕ್ಸಿಲರೇಟರ್ ತಿರುಗಿಸುತ್ತೀರಿ. ಅದಕ್ಕೇ ಹಗ್ಗ ಸದ್ಯಕ್ಕೆ ಬಿಡಿ.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನಿಂದ ಪ್ರತಿ ಸಿಲಿಂಡರ್‌ಗೂ ಒಂದೆರಡು ಚಮಚ ಟೂ ಸ್ಟ್ರೋಕ್ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಇರಲಿ. ಮಾರನೇ ದಿನ ಫ್ಲೈವೀಲ್ (ಇಂಜಿನ್ನಿನ ತಲೆಯ ಮೇಲಿನ ಭಾರದ ಚಕ್ರ) ಅನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿ. ಹಗ್ಗ ಯಾವ ಕಡೆ ತಿರುಗಿಸುತ್ತದೋ ಅದೇ ಕಡೆಗೆ ಮಾತ್ರ. ಉಲ್ಟಾ ತಿರುಗಿಸಿದರೆ ಕೆಳಗಿನ ನೀರಿನ ಪಂಪಿನ ರಬ್ಬರ್ ರೆಕ್ಕೆಗಳು ಹಿಂದಕ್ಕೆ ಮಡಚಿಕೊಂಡು ಹಾಳಾಗಬಹುದು.

ಈಗ ಆ ಪಂಪಿನ ವಿಷಯ. ಇದೊಂದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಗೇರ್ ಇರುವ ಕೆಳಭಾಗ ಇದೆಯಲ್ಲ, ಅದರ ಬೋಲ್ಟ್ ಬಿಚ್ಚಿ (ಹಲವು ಮಾಡೆಲ್‌ಗಳಲ್ಲಿ ಗೇರಿನ ರಾಡನ್ನೂ ಬಿಡಿಸಬೇಕು) ಕೆಳಕ್ಕೆ ಎಳೆದರೆ ಶಾಫ್ಟ್ ಮೇಲೆ ಪಂಪ್ ಕಾಣುತ್ತದೆ. ಒಳಗೆ ನೀರು ತಳ್ಳುವ ರೆಕ್ಕೆಯ ಚಕ್ರ, ಅಂದರೆ ಇಂಪೆಲ್ಲರ್, ರಬ್ಬರಿನದು. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕೂತು ಅದರ ರೆಕ್ಕೆಗಳು ಒಂದೇ ಕಡೆ ಬಾಗಿ ಗಟ್ಟಿಯಾಗಿರುತ್ತವೆ, ಬೆರಳಲ್ಲಿ ಬಗ್ಗಿಸಿದರೆ ಬುಡದಲ್ಲಿ ಬಿರುಕು ಕಾಣುತ್ತದೆ. ನೋಡೋಕೆ ಚೆನ್ನಾಗಿದ್ದರೂ ಹೊಸದು ಹಾಕಿ. ರೆಕ್ಕೆಯ ಒಂದು ತುಂಡು ಇಲ್ಲ ಅಂದರೆ ಅದು ಎಲ್ಲಿ ಹೋಯಿತು ಅಂತ ಹುಡುಕಲೇಬೇಕು, ಯಾಕೆಂದರೆ ಅದು ಮೇಲಕ್ಕೆ ಹೋಗಿ ನೀರಿನ ದಾರಿಯಲ್ಲೇ ಸಿಕ್ಕಿಕೊಂಡಿರುತ್ತದೆ, ಆಮೇಲೆ ಹೊಸ ಇಂಪೆಲ್ಲರ್ ಹಾಕಿಯೂ ಇಂಜಿನ್ ಬಿಸಿಯಾಗುತ್ತದೆ. ಉಪ್ಪು ನೀರಿನಲ್ಲಿ ಓಡಿದ ಇಂಜಿನ್ ಆದರೆ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರು ಬಿಡುವ ಕವಾಟ) ಕೂಡ ಬಿಚ್ಚಿ ನೋಡಿ, ಉಪ್ಪು ಕಟ್ಟಿ ಅಂಟಿಕೊಂಡಿರುವ ಸಾಧ್ಯತೆ ಜಾಸ್ತಿ.

ಕೆಳಭಾಗ ಕೈಯಲ್ಲಿದ್ದಾಗಲೇ ಗೇರ್ ಆಯಿಲ್ ಇಳಿಸಿ. ಹಾಲು ಹಾಕಿದ ಕಾಫಿ ಬಣ್ಣದಲ್ಲಿ ಬಂದರೆ ಒಳಗೆ ನೀರು ಹೋಗಿದೆ, ಸೀಲ್ ಬದಲಿಸಬೇಕು. ಪ್ರೊಪೆಲ್ಲರ್ ತೆಗೆದು ನೋಡಿ, ಹಳೇ ಮೀನಿನ ಗಾಳದ ದಾರ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕತ್ತರಿಸಿರುವುದು ತುಂಬಾ ಮಾಮೂಲು. ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ ತುಂಬಿಸಬೇಕು, ಮೇಲಿನ ತೂತಿನಿಂದ ಗುಳ್ಳೆಯಿಲ್ಲದೆ ಹೊರಗೆ ಬರುವ ತನಕ. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ.

ಹಳೇ ಪೆಟ್ರೋಲಿಗೆ ಹೊಸದು ಬೆರೆಸಬೇಡಿ, ಪೂರ್ತಿ ತೆಗೆದುಬಿಡಿ. ಅಷ್ಟು ವರ್ಷದ ಪೆಟ್ರೋಲ್ ವಾರ್ನಿಶ್ ಥರ ಅಂಟಾಗಿರುತ್ತದೆ, ಅದರಲ್ಲಿ ಎಥನಾಲ್ ಇದ್ದರೆ ನೀರನ್ನೂ ಹೀರಿಕೊಂಡಿರುತ್ತದೆ. ಅದೇ ಅಂಟು ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು, ಅಂದರೆ ಜೆಟ್‌ನಲ್ಲೂ ಕೂತಿರುತ್ತದೆ. ಕಾರ್ಬುರೇಟರ್ ಬಿಚ್ಚಿ, ಕ್ಲೀನರ್ ಹೊಡೆದು, ಗಾಳಿ ಊದಿ. ಜೆಟ್‌ಗೆ ಕಬ್ಬಿಣದ ತಂತಿ ತುರುಕಬೇಡಿ, ತೂತು ದೊಡ್ಡದಾದರೆ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ. ಗಟ್ಟಿಯಾದ ಪೆಟ್ರೋಲ್ ಪೈಪು, ಅದರ ನಡುವೆ ಕೈಯಲ್ಲಿ ಹಿಚುಕುವ ರಬ್ಬರ್ ಬಲ್ಬ್ ಬಿರುಕು ಬಿಟ್ಟಿದ್ದರೆ ಅದು, ಎರಡೂ ಬದಲಿಸಿ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು ಅನ್ನುವುದನ್ನು ಇಂಜಿನ್ನಿನ ಪುಸ್ತಕ ನೋಡಿಯೇ ತೀರ್ಮಾನಿಸಿ, ಕೆಲವಕ್ಕೆ 50ಕ್ಕೆ 1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್), ಹಳೆಯ ಕೆಲವಕ್ಕೆ 25ಕ್ಕೆ 1. ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 (ಬೋಟಿನ ಟೂ ಸ್ಟ್ರೋಕ್ ಇಂಜಿನ್ನಿನ ಆಯಿಲ್ ಗುರುತು) ಅಂತ ಇರಬೇಕು, ಬೈಕಿನ ಆಯಿಲ್ ಬೇಡ.

ಸ್ಪಾರ್ಕ್ ನೋಡುವಾಗ ಪೆಟ್ರೋಲ್ ಪೈಪ್ ಕಳಚಿ ದೂರ ಇಡಿ, ತೆರೆದ ಪ್ಲಗ್ ತೂತಿನ ಹತ್ತಿರ ಕಿಡಿ ಹಾರಿಸಬೇಡಿ. ಸ್ಪಾರ್ಕೇ ಇಲ್ಲ ಅಂತ ಕಾಯಿಲ್ ತರೋಕೆ ಓಡುವ ಮುಂಚೆ ಇಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ಕ್ಲಿಪ್ ಅದರ ಜಾಗದಲ್ಲಿ ಇದೆಯಾ ನೋಡಿ. ನಗಬೇಡಿ, ಎಷ್ಟೋ ಜನ ಅರ್ಧ ದಿನ ಕಳೆಯುವುದು ಅಲ್ಲೇ.

ಇಷ್ಟಾದ ಮೇಲೆ ಬಯಲಲ್ಲಿ, ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ, ಪ್ರೊಪೆಲ್ಲರ್ ಹಾಕದೆ, ನ್ಯೂಟ್ರಲ್‌ನಲ್ಲಿ ಹಗ್ಗ ಎಳೆಯಿರಿ. ಪ್ರೊಪೆಲ್ಲರ್ ಜಾಗದ ಮೇಲಿನ ಅಗಲ ಪಟ್ಟಿ ಮುಳುಗುವಷ್ಟು ನೀರು ಬೇಕು. ಮೊದಲು ಹೊಗೆ ಜಾಸ್ತಿ ಬರುತ್ತದೆ, ನೀವು ಹಾಕಿದ ಆಯಿಲೇ ಅದು. ಕಣ್ಣು ಮಾತ್ರ ಹಿಂಭಾಗದಿಂದ ಚಿಮ್ಮುವ ಸಣ್ಣ ನೀರಿನ ಧಾರೆಯ ಮೇಲಿರಲಿ. ಅರ್ಧ ನಿಮಿಷದಲ್ಲಿ ಅದು ಬರಲಿಲ್ಲ ಅಂದರೆ ಆಫ್ ಮಾಡಿ.

ಪ್ರಶ್ನೆ: ನಮ್ಮ ಇಂಜಿನ್ ಪೂರ್ತಿ ಜಾಮ್. ಫ್ಲೈವೀಲಿನ ನಟ್ಟಿಗೆ ಉದ್ದ ಪೈಪ್ ಸಿಕ್ಕಿಸಿ ತಿರುಗಿಸಬಹುದಾ?

ಉತ್ತರ: ಬೇಡ. ಪ್ಲಗ್ ತೂತಿನಿಂದ ತುಕ್ಕು ಬಿಡಿಸುವ ಆಯಿಲ್ ಹಾಕಿ ಕಾಯಿರಿ, ವಾರವಾದರೂ ಪರವಾಗಿಲ್ಲ, ಆಗಾಗ ಮತ್ತಷ್ಟು ಹಾಕುತ್ತಿರಿ. ಆಮೇಲೆ ಕೈಯಲ್ಲಿ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ (ಇಂಪೆಲ್ಲರ್ ಹೇಗೂ ಹೊಸದು ಹಾಕುವುದರಿಂದ ಇಲ್ಲಿ ಅದರ ಚಿಂತೆ ಬೇಡ). ಫ್ಲೈವೀಲಿಗೆ ಸುತ್ತಿಗೆ ಏಟು ಬೇಡ, ಒಳಗೆ ಅಯಸ್ಕಾಂತಗಳಿವೆ. ಬಿಟ್ಟುಕೊಂಡರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ. ಒಂದು ಸಿಲಿಂಡರ್ ಇನ್ನೊಂದಕ್ಕಿಂತ ತುಂಬಾ ಕಡಿಮೆ ತೋರಿಸಿದರೆ ಮುಂದೆ ಖರ್ಚು ಮಾಡುವ ಮೊದಲು ಮೆಕ್ಯಾನಿಕ್‌ಗೆ ಬಿಚ್ಚಿಸಿ ತೋರಿಸಿ.

ಪ್ರಶ್ನೆ: ಸ್ಟಾರ್ಟ್ ಆಗುತ್ತದೆ, ಒಂದೆರಡು ನಿಮಿಷಕ್ಕೆ ಆರಿಹೋಗುತ್ತದೆ. ಯಾಕೆ?

ಉತ್ತರ: ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದ್ದೀರಾ? ಮೊದಲು ಅದು. ತೆರೆದಿದ್ದರೆ, ಆರುವ ಹೊತ್ತಿಗೆ ಬಲ್ಬ್ ಹಿಚುಕಿ ನೋಡಿ. ಹಿಚುಕಿದಾಗ ಚೇತರಿಸಿಕೊಂಡರೆ ಫ್ಯೂಯೆಲ್ ಪಂಪಿನ ಡಯಾಫ್ರಾಮ್ ಸೋತಿದೆ ಅಥವಾ ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ. ಬಲ್ಬ್ ತಾನಾಗಿ ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆ ಏನೋ ಕಟ್ಟಿದೆ. ಚೋಕ್ ಎಳೆದರಷ್ಟೇ ಓಡುತ್ತದೆ ಅಂದರೆ ಜೆಟ್ ಇನ್ನೂ ಅರ್ಧ ಮುಚ್ಚಿದೆ, ಕಾರ್ಬುರೇಟರನ್ನು ಇನ್ನೊಮ್ಮೆ ಬಿಚ್ಚಬೇಕು.